ಅತ್ತಿಯ ಪೈಥಾನ್, ಸೊಸಿಯ ಪಾಡು

ಇಡೀ ದೇವದುರ್ಗ ತಾಲೂಕನ್ನ ಬುಡಸಮೇತ ಕಿತ್ತು ಒಯ್ದು, ಉತ್ತರ ಧ್ರುವದ ಹತ್ರ ಹಿಮದ ಮ್ಯಾಲ ಇಟ್ಟು ಬಂದ ಹೆಣ್ಮಗಳನ್ನ ನೀವು ಎಲ್ಲ್ಯಾರ ನೋಡೀರೇನು? ನಾನು ನೋಡೀನಿ. ದಿನಾ ನೋಡ್ತೀನಿ. ಒಂದೇ ಮನ್ಯಾಗ, ಒಂದೇ ಒಲಿ ಮುಂದ, ಹನ್ನೊಂದು ವರ್ಷದಿಂದ ನೋಡಾಕತ್ತೀನಿ. ಅವರು ಬ್ಯಾರೆ ಯಾರೂ ಅಲ್ಲ, ನಮ್ಮತ್ತಿ!

ಊರಾಗಿನ ಅತ್ತಿಗಳು ಸೊಸಿ ಮಾಡಿದ ಸಾರಿನ್ಯಾಗ ಉಪ್ಪು ಕಮ್ಮಿ ಅಂತಾರ. ನಮ್ಮತ್ತಿ ಹಂಗಲ್ಲ. ಸಾರು ಹೆಂಗಿದ್ರೂ ತುಟಿ ಪಿಟಕ್ಕನ್ನದ ಉಣ್ತಾರ. ಆದ್ರ ನಾನು ಬರದ ಫಂಕ್ಷನ್ನಿಗೆ, ಅಂದ್ರ ಕಂಪ್ಯೂಟರ್ ಕೋಡಿನ ತುಣುಕಿಗೆ, ಕೆಂಪು ಪೆನ್ನಿಲೆ ಹತ್ತಕ್ಕ ನಾಕು ಮಾರ್ಕ್ಸ್ ಹಾಕ್ತಾರ. ಕೆಳಗ, "ಹೆಸರು ಸರಿ ಇಟ್ಟಿಲ್ಲ, ಮತ್ತೊಮ್ಮೆ ಬರದು ತಾ" ಅಂತ ಷರಾ ಬ್ಯಾರೆ. ನಾನು ರಾಯಚೂರಿನ ಒಂದು ಕಾಲೇಜಿನಾಗ ಕಂಪ್ಯೂಟರ್ ಪಾಠ ಹೇಳಾಕಿ. ಹಗಲೆಲ್ಲಾ ಹುಡುಗ್ರಿಗೆ ಮಾರ್ಕ್ಸ್ ಹಾಕಿ ಹಾಕಿ ದಣದು ಮನಿಗೆ ಬಂದ್ರ, ಇಲ್ಲಿ ನನಗೇ ಮಾರ್ಕ್ಸ್! ಅದೂ ನಾಕು!

ನಮ್ಮತ್ತಿ ಹೈಸ್ಕೂಲಿನಾಗ ಭೂಗೋಳ ಕಲಿಸಿದವರು. ದೇವದುರ್ಗ, ಮಾನ್ವಿ, ಮತ್ತ ದೇವದುರ್ಗ ಅಂತ ಅರ್ಧ ಆಯುಷ್ಯ ಬಸ್ಸಿನ್ಯಾಗ ಕಳದು, ರಿಟೈರಾಗಿ ನಮ್ಮ ಕೂಡ ಇರಾಕ ಬಂದ್ರು. ಇನ್ನ ಟಿವಿ ಮುಂದ ಕೂಡ್ತಾರ, ಅಮಾಸಿಗೊಮ್ಮೆ ದೇವಸುಗೂರಿಗೆ ಹೋಗಿ ಸೂಗೂರೇಶ್ವರಗ ಕೈ ಮುಗದು ಬರ್ತಾರ, ಅಡಗಿಗೆ ಒಂದೀಟು ಕೈ ಹಚ್ತಾರ ಅಂತ ನಾನು ಲೆಕ್ಕ ಹಾಕಿದ್ದೆ. ಎಲ್ಲಿ ನನ್ನ ಲೆಕ್ಕ, ಎಲ್ಲಿ ನಮ್ಮತ್ತಿ! ನಾನು ಸಂಜಿಕ ಕೂತು ಮರುದಿನದ ಪಾಠ, ಪೈಥಾನ್ ಅನ್ನೋ ಕಂಪ್ಯೂಟರ್ ಭಾಷಿದು, ತಯಾರ ಮಾಡ್ತಿದ್ದೆ. ಅವರು ಬಾಜೂಕ ಪುಂಡಿಪಲ್ಯ ಸೋಸಿಕೋತ ಕೂಡ್ತಿದ್ರು. ಒಂದು ವಾರ ಸುಮ್ಮನ ನೋಡಿದ್ರು. ಎಂಟನೇ ದಿನ, "ಯವ್ವಾ, ಮೂರನೇ ಸಾಲಿನ ಕಡೀಕ ಎರಡು ಚುಕ್ಕಿ ಇಡೋದು ಬಿಟ್ಟೀದಿ ನೋಡು" ಅಂದ್ರು. ನೋಡಿದೆ. ಬಿಟ್ಟಿದ್ದೆ! ಅವತ್ತಿಂದ ಪುಂಡಿಪಲ್ಯ ಸೋಸೋ ಕೆಲಸ ನನ್ನ ಪಾಲಿಗೆ ಬಂತು.

ಈಗ ಅವರು ಮಾಡಾಕತ್ತಿದ್ದು ಏನಂತ ಕೇಳ್ತೀರೇನು? ಅವರನ್ನ ಕೇಳಬ್ಯಾಡ್ರಿ. ಕೇಳಿದವರು ಯಾರೂ ಒಂದು ತಾಸಿನೊಳಗ ಎದ್ದು ಹೋಗಿಲ್ಲ. ನಾನೇ ಚುಟುಕಾಗಿ ಹೇಳ್ತೀನಿ. ಕಂಪ್ಯೂಟರಿನಾಗ ನಕಾಶಿ ಕೆಲಸ ಮಾಡಾಕ, ಅಂದ್ರ ಊರೆಲ್ಲಿ, ಹಳ್ಳ ಎಲ್ಲಿ, ಇಲ್ಲಿಂದ ಅಲ್ಲಿಗೆ ಎಷ್ಟು ಅಂತ ಲೆಕ್ಕ ಹಾಕಾಕ, ಪೈಥಾನಿನಾಗ ಬೇಕಾದಷ್ಟು ಸಾಮಾನು ಅದಾವ. ಆದ್ರ ಅವೆಲ್ಲಾ ಜ್ವಾಳ, ಬೀಸೋಕಲ್ಲು, ಕಟಗಿ ಕೊಟ್ಟು "ರೊಟ್ಟಿ ನೀನೇ ಮಾಡ್ಕೋ" ಅನ್ನೋ ಪೈಕಿ. ಭೂಮಿ ದುಂಡಗದ, ಹಾಳಿ ಚಪ್ಪಟ ಅದ, ಅದನ್ನ ಇದರ ಮ್ಯಾಲ ಇಳಸಾಕ ಯಾವ ಲೆಕ್ಕ, ಅಳತಿ ಡಿಗ್ರಿಯಾಗೋ ಮೀಟರಿನಾಗೋ, ಎಲ್ಲಾ ನಾವೇ ಹೇಳಬೇಕು. ನಮ್ಮತ್ತಿ ಇವುಗಳ ಮ್ಯಾಲ ತಮ್ಮದೇ ಒಂದು ಲೈಬ್ರರಿ, ಅಂದ್ರ ಯಾರು ಬೇಕಾದ್ರೂ ಬಳಸೋ ಹಂಗ ಕೋಡಿನ ಒಂದು ಗಂಟು, ಕಟ್ಟಾಕತ್ತಾರ. ಅದಕ್ಕ 'ನಕಾಶಿ' ಅಂತಲೇ ಹೆಸರು. ಅದರಾಗ ಬಿಸಿ ರೊಟ್ಟಿನೇ ಕೈಗೆ ಬರಬೇಕು. ಒಬ್ಬ ಸಾಲಿ ಮಾಸ್ತರು ಬಾಯಿಲೆ ಹೆಂಗ ಕೇಳ್ತಾರೋ ಹಂಗ ಒಂದು ಸಾಲು ಬರದ್ರ ಸಾಕು, ಕಂಪ್ಯೂಟರು ಉತ್ತರ ಹೇಳಬೇಕು. ಅದೂ ಕನ್ನಡದಾಗ!

ಇಷ್ಟೆಲ್ಲಾ ಯಾತರ ಸಲುವಾಗಿ? ಒಂದು ಸಣ್ಣ ಸಾಲಿ ಸಲುವಾಗಿ. ಜಾಲಹಳ್ಳಿ ದಾಟಿ ಇನ್ನೂ ಒಳಗ ಹೋದ್ರ ನಮ್ಮತ್ತಿ ಹುಟ್ಟಿದ ದೊಡ್ಡಿ ಅದ. ದೊಡ್ಡಿ ಅಂದ್ರ ಊರು ಬಿಟ್ಟು ಹೊಲದ ನಡುವ ಇರೋ ಹತ್ತಿಪ್ಪತ್ತು ಮನಿ. ಅಲ್ಲಿ ಹನ್ನೊಂದು ಹುಡುಗ್ರ ಒಂದು ಸಾಲಿ ಅದ. ಅದನ್ನ ಮುಚ್ಚಿ ಹಳ್ಳದ ಆಚಿ ಊರಿನ ಸಾಲಿಗೆ ಕೂಡಿಸ್ತೀವಿ ಅಂತ ಶಿಕ್ಷಣ ಇಲಾಖಿಯಿಂದ ಒಂದು ಪಟ್ಟಿ ಬಂತು. ಯಾಕ ಅಂದ್ರ ಎರಡರ ನಡುವ ಒಂಬೈನೂರು ಮೀಟರ್ ಅಷ್ಟೇ ಅಂತ! ಯಾರೋ ನಕಾಶಿ ಮ್ಯಾಲ ಸ್ಕೇಲ್ ಇಟ್ಟು ಗೆರಿ ಎಳದಾರ. ಗೆರಿ ಹಳ್ಳದ ಮ್ಯಾಲೇ ಹಾದು ಹೋಗ್ಯದ. ಗೆರಿಗೇನ್ರಿ, ಅದರ ಕಾಲು ತೋಯಂಗಿಲ್ಲ. ತಕರಾರು ಇದ್ದವರು ಮಳಿಗಾಲದಾಗ ದೇವದುರ್ಗಕ್ಕ ವಿಚಾರಣಿಗೆ ಬಂದು ಹೇಳ್ರಿ ಅಂದಿದ್ರು.

"ಅತ್ತಿ, ಒಂದು ಅರ್ಜಿ ಬರದ್ರ ಸಾಕಾಗಿತ್ತಲ್ರಿ?" ಅಂದೆ ನಾನು.

"ಒಂದು ದೊಡ್ಡಿಗೆ ಅರ್ಜಿ ಸಾಕವ್ವಾ. ಆ ಪಟ್ಟಿಯಾಗ ಇನ್ನ ಎಷ್ಟು ದೊಡ್ಡಿ ಅದಾವ ನೋಡೀದೇನು? ಎಲ್ಲಾರ ಅರ್ಜಿ ನಾನೇ ಬರೀಲೇನು? ಅಳತಿನೇ ಅವರ ಕೈಗೆ ಕೊಟ್ಟುಬಿಡೂನು."

ಇದಕ್ಕ ಏನಂತೀರಿ? ನಾನು "ಹೂಂರಿ" ಅಂದೆ. ಆ ಒಂದು ಹೂಂ ಅಂದದ್ದಕ್ಕ ನಾಕು ತಿಂಗಳು ನನ್ನ ಒಂದು ಆಯಿತವಾರನೂ ನನ್ನದಾಗಿ ಉಳೀಲಿಲ್ಲ.

ಇನ್ನ ಆ ಹಿಮದ ಕತಿ. ಭೂಮಿ ಮ್ಯಾಲ ಒಂದು ಜಾಗ ತೋರಸಾಕ ಅಕ್ಷಾಂಶ, ರೇಖಾಂಶ ಅಂತ ಎರಡು ಅಂಕಿ ಬೇಕಲ್ಲ? ಪೈಥಾನಿನಾಗ ಒಂದು ಸಾಮಾನಿಗೆ ಮೊದಲು ಇದು ಬೇಕು, ಇನ್ನೊಂದಕ್ಕ ಮೊದಲು ಅದು ಬೇಕು. ನಮ್ಮ ಕಡಿಗೆ ಅಕ್ಷಾಂಶ ಹದಿನಾರು, ರೇಖಾಂಶ ಎಪ್ಪತ್ತೇಳರ ಆಸುಪಾಸು. ಬ್ಯಾಸಗಿ ಒಂದು ಸಂಜಿ, ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು, ಅತ್ತಿ ತಾಲೂಕಿನ ಎಲ್ಲಾ ಹಳ್ಳಿಗಳನ್ನ ಒಮ್ಮೆಲೇ ಹಾಕಿದ್ರು. ಅಂಕಿ ಹಿಂದ ಮುಂದ ಆದವು. ನೋಡ್ತೀವಿ, ದೇವದುರ್ಗ, ಜಾಲಹಳ್ಳಿ, ದೊಡ್ಡಿ ದೊಡ್ಡಿ ಸಮೇತ ಉತ್ತರದ ಸಮುದ್ರದಾಗಿನ ಒಂದು ಹಿಮದ ದ್ವೀಪದ ಮ್ಯಾಲ ಕೂತಾವ! ಅದೇ ಹೊತ್ತಿಗೆ ನಮ್ಮ ಮನಿಯವರು ಶಕ್ತಿನಗರದ ಕರೆಂಟ್ ಸ್ಥಾವರದಾಗ ಪಾಳಿ ಮುಗಿಸಿ, ಅಂಗಿ ಹಿಂಡಿದ್ರ ಒಂದು ತಂಬಗಿ ಬೆವರು ಬರೋ ಹಂಗ ಒಳಗ ಬಂದ್ರು. ಲ್ಯಾಪ್‌ಟಾಪಿನ ಪರದಿ ನೋಡಿದ್ರು. "ಯವ್ವಾ, ಅದನ್ನ ತಿದ್ದಬ್ಯಾಡ. ಅಲ್ಲೇ ನನಗೊಂದು ಸೈಟ್ ನೋಡು" ಅಂದು ಜಳಕಕ್ಕ ಹೋದ್ರು.

ಬ್ಯಾರೆ ಯಾರಾದ್ರೂ ಆಗಿದ್ರ ನಾಚಿಕೊಂಡು ಅಂಕಿ ತಿದ್ದಿ ಸುಮ್ಮನಾಗ್ತಿದ್ರು. ನಮ್ಮತ್ತಿ ಕಣ್ಣಾಗ ಮಿಂಚು! "ಇದು ನನ್ನ ತಪ್ಪಲ್ಲ. ತಪ್ಪು ಮಾಡಾಕ ಜಾಗ ಬಿಟ್ಟಾರಲ್ಲ, ಅವರ ತಪ್ಪು" ಅಂದ್ರು. ಮರುದಿನದಿಂದ ನಕಾಶಿಗೆ ಬಾಯಿ ಬಂತು. ಯಾರಾದ್ರೂ ಅಂಕಿ ಹಿಂದ ಮುಂದ ಹಾಕಿದ್ರ ಪರದಿ ಮ್ಯಾಲ, "ತಮ್ಮಾ, ನಿಮ್ಮೂರು ಹಿಮದಾಗ ಹೋತು. ಎರಡೂ ಅಂಕಿ ಅದಲು ಬದಲು ಮಾಡಿ ಬಾ" ಅಂತ ಬರ್ತದ. ನನ್ನ ಕಾಲೇಜಿನ ಹುಡುಗ್ರಿಗೆ ತೋರಿಸಿದೆ. ಬೇಕಂತಲೇ ತಪ್ಪು ಮಾಡಿ ಬೈಸ್ಕೊಳ್ಳಾಕ ಹತ್ತಿದ್ರು. ಏನು ಕರ್ಮರೀ ಇದು!

ಲೈಬ್ರರಿ ಕಟ್ಟೋದಕ್ಕ ನಮ್ಮತ್ತಿದು ಒಂದು ಪದ್ಧತಿ ಅದ. ಮೊದಲು ಮಾತು, ಆಮ್ಯಾಲ ಕೋಡು. ಮಂದಿ ಹೆಂಗ ಕೇಳ್ತಾರ, ಹೆಂಗ ಹೇಳ್ತಾರ ಅಂತ ಮೊದಲು ವಹಿಯಾಗ ಬರ್ಕೊಳ್ಳೋದು, ಆಮ್ಯಾಲ ಕಂಪ್ಯೂಟರನ್ನ ಆ ಮಾತಿಗೆ ಬಗ್ಗಸೋದು. ಅದಕ್ಕ ಮಾತು ಕೂಡಿಸಾಕ ಆಯಿತವಾರಕ್ಕೊಮ್ಮೆ ಜಾಲಹಳ್ಳಿ ಬಸ್ಸು ಹತ್ತೋದು. ಜೋಡಿಗೆ ನಾನು. ವಹಿ ಹಿಡಿಯೋರು ಬೇಕಲ್ಲ?

ಒಮ್ಮೆ ನಮ್ಮ ಬಾಜೂಕ ಒಬ್ಬಾಕಿ ಮುದುಕಿ ಬುಟ್ಟಿ ತೊಡಿ ಮ್ಯಾಲ ಇಟ್ಕೊಂಡು ಕೂತಿದ್ಲು. ಅತ್ತಿ ಸುರು ಮಾಡಿದ್ರು, "ಯವ್ವಾ, ಬಸ್ಸು ಇಳದ ಮ್ಯಾಲ ನಿಮ್ಮ ದೊಡ್ಡಿ ಎಷ್ಟು ದೂರ ಆಗ್ತದ?"

ಮುದುಕಿ ನಮ್ಮತ್ತಿನ್ನ ಮ್ಯಾಲಿಂದ ಕೆಳತನಕ ನೋಡಿದ್ಲು. "ಯಾವಾಗ?" ಅಂದ್ಲು.

"ಯಾವಾಗ ಅಂದ್ರ?"

"ಬ್ಯಾಸಗ್ಯಾಗಾದ್ರ ಇಲ್ಲೇ ಅದ. ಮಳಿಗಾಲದಾಗಾದ್ರ ಭಾಳ ದೂರ. ನೋಡಾಕ ಸಾಲಿ ಕಲ್ತಾಕಿ ಕಂಡಂಗ ಕಾಣ್ತಿ, ಇಷ್ಟೂ ತಿಳೀವಲ್ದೇನಬೇ?"

ನಮ್ಮತ್ತಿ ಓಡೋ ಬಸ್ಸಿನ್ಯಾಗ ಎದ್ದು ನಿಂತುಬಿಟ್ರು. "ಬಸ್ಸು ನಿಲ್ಲಸ್ರಿ!" ಅಂತ ಒದರಿದ್ರು. ಕಂಡಕ್ಟರ್ ಗಾಬರ್ಯಾಗಿ ಓಡಿ ಬಂದ, "ಏನಾತ್ರೀ ಅಮ್ಮಾರ? ಏನರ ಬಿಟ್ಟು ಬಂದೀರೇನು?"

"ಹೌದಪ್ಪಾ, ನನ್ನ ಲೆಕ್ಕದಾಗ ಮಳಿಗಾಲನೇ ಬಿಟ್ಟೀನಿ!"

ಕಂಡಕ್ಟರ್ ಕಿಟಕ್ಯಾಗಿಂದ ಮ್ಯಾಲ ನೋಡಿದ. ಒಂದು ಮೋಡ ಇರಲಿಲ್ಲ. "ನೀವೊಬ್ಬರೇ ಅಲ್ಲ ಬಿಡ್ರಿ, ಮ್ಯಾಲಿನಾತನೂ ಬಿಟ್ಟಾನ" ಅಂದು ಸೀಟಿ ಊದಿದ. ನಡುದಾರ್ಯಾಗ ಇಳದ್ವಿ. ಅತ್ತಿ ಒಂದು ಬೇವಿನ ಗಿಡದ ಬುಡಕ್ಕ ಕೂತು ಬರಿಯಾಕತ್ತಿದ್ರು. ನಾನು ಒಂದೂವರಿ ತಾಸು ಕೈ ಅಡ್ಡ ಹಿಡದು ಮುಂದಿನ ಬಸ್ಸಿನ ದಾರಿ ನೋಡಿದೆ.

ಅವತ್ತು ನಕಾಶಿಯಾಗ ದೂರ ಅನ್ನೋದು ಎರಡು ಹೋಳಾತು. ಒಂದು 'ಕಾಗದದ ದೂರ', ಸ್ಕೇಲ್ ಇಟ್ಟು ಗೆರಿ ಎಳದಂಗ. ಇನ್ನೊಂದು 'ಕಾಲಿನ ದೂರ', ಮನುಷ್ಯಾರು ನಡಿಯೋದು. ಕಾಲಿನ ದೂರ ಕೇಳಬೇಕಂದ್ರ ಹಂಗಾಮು ಹೇಳಲೇಬೇಕು. ಹೇಳಲಿಲ್ಲಂದ್ರ ಕಂಪ್ಯೂಟರು ಉತ್ತರ ಕೊಡಂಗಿಲ್ಲ, "ಯಾವಾಗ? ಬ್ಯಾಸಗ್ಯಾಗೋ, ಮಳಿಗಾಲದಾಗೋ?" ಅಂತ ಆ ಮುದುಕಿ ಕೇಳಿದಂಗೇ ಕೇಳ್ತದ.

ಹಳ್ಳ, ದಾರಿ ಆದ ಮ್ಯಾಲ ಹೊಲದ ಅಳತಿನೂ ಇರ್ಲಿ ಅಂದ್ರು. ಅದನ್ನ ತೋರಸಾಕ ಮಾನ್ವಿಗೆ ಹೊಂಟ್ವಿ. ಅಲ್ಲಿ ಅವರ ಹಳೇ ಶಿಷ್ಯ ಒಬ್ಬ ಮೊಳಿ, ಬಣ್ಣ, ಪೈಪಿನ ಅಂಗಡಿ ಇಟ್ಟಾನ. ಸಾಬರ ಹುಡುಗ, ಈಗ ಅವನ ಗಡ್ಡನೂ ಬೆಳ್ಳಗಾಗ್ಯದ. ಅವನ ಹೊಲ ಪಹಣಿಯಾಗ ಎರಡು ಚುಕ್ಕಿ ಇಪ್ಪತ್ತು ಅಂತ ಇತ್ತು. ನಾನು ಹಂಗೇ ಹೊಡದೆ. ಎರಡು ಎಕರೆ, ಮ್ಯಾಲ ಎಂಟು ಗುಂಟಿ ಅಂತ ಬಂತು. ಅವ ಎದಿ ಮ್ಯಾಲ ಕೈ ಇಟ್ಕೊಂಡ.

"ಅಯ್ಯೋ ಟೀಚರಮ್ಮಾ, ನಂದು ಹನ್ನೆರಡು ಗುಂಟಿ ಗಾಯಬ್ ಆತಲ್ರೀ!" ಅಂದವ, ಒಳಗಿನ ಮನಿ ಕಡಿ ಮಾರಿ ಮಾಡಿ, "ಅಮ್ಮೀ, ದೇಖೋ, ಬಾರಾ ಗುಂಟೆ ಗಯೇ ಅಪ್ನೇ!" ಅಂತ ಒದರಿದ.

ತಪ್ಪು ನಂದೇ. ನಮ್ಮ ಕಡಿ ಎರಡು ಚುಕ್ಕಿ ಇಪ್ಪತ್ತು ಅಂದ್ರ ಎರಡು ಎಕರೆ ಇಪ್ಪತ್ತು ಗುಂಟಿ. ನಲವತ್ತು ಗುಂಟಿಗೆ ಒಂದು ಎಕರೆ, ಹಂಗಾಗಿ ಅದು ಎರಡೂವರಿ ಎಕರೆ. ನಾನು ದಶಮಾಂಶ ಅಂತ ತಿಳದಿದ್ದೆ. ಅಂಗಡ್ಯಾತ ನಗಾಕ ಸುರು ಮಾಡಿದ, "ಇಂಥದೇ ತಪ್ಪಿಗೆ ಎಂಟನೇ ಕ್ಲಾಸಿನಾಗ ನೀವು ನನ್ನ ದಿನ ಪೂರ್ತಿ ನಿಂದರಿಸಿದ್ರಿ ಟೀಚರಮ್ಮಾ. ಈಗ ಯಾರು ನಿಂದರಬೇಕು, ಹೇಳ್ರಿ?" ನಮ್ಮತ್ತಿ ಹಿಂದ ಮುಂದ ನೋಡದ ನನ್ನ ಕಡಿ ಬಟ್ಟು ಮಾಡಿದ್ರು. ನಾನು ಮೊದಲೇ ನಿಂತಿದ್ದೆ. ಅಂಗಡ್ಯಾಗ ಇದ್ದದ್ದು ಒಂದೇ ಕುರ್ಚಿ, ಅದರ ಮ್ಯಾಲ ಅವರು ಕೂತಿದ್ರು.

ನನ್ನ ತವರಮನಿಯವರನ್ನೂ ಬಿಡಲಿಲ್ಲ. ಗುಂಜಹಳ್ಳಿಯಿಂದ ನಮ್ಮಪ್ಪ ಮಗಳನ್ನ ಮಾತಾಡ್ಸಿ, ಒಂದೀಟು ಹಸಿ ಸೇಂಗಾ ಕೊಟ್ಟು ಹೋಗೂನು ಅಂತ ಬಂದಿದ್ದ. ಅತ್ತಿ ಅವನ ಕೈಯಾಗ ಹಾಳಿ, ಪೆನ್ಸಿಲ್ಲು ಕೊಟ್ಟು, "ಬೀಗ್ರ, ನಿಮ್ಮೂರಾಗ ಮಳಿ ಬಂದ್ರ ಯಾವ ಯಾವ ದಾರಿ ಕಟ್ ಆಗ್ತಾವ, ಗೆರಿ ಎಳದು ತೋರಸ್ರಿ" ಅಂದ್ರು. ಬೀಗ್ತಿ ಕೇಳಿದ್ರ ಇಲ್ಲ ಅನ್ನಾಕ ಆಗ್ತದೇನು? ಮೂರು ತಾಸು ಕೂತು ಎಳದ. ಹೋಗೂ ಮುಂದ ಚಪ್ಪಲಿ ಮೆಟ್ಟಿಕೋತ ನನ್ನ ಕಿವ್ಯಾಗ, "ಯವ್ವಾ, ನೀನೇ ಊರಿಗೆ ಬಂದು ಹೋಗ್ತಿರು" ಅಂದ.

ಒಂದು ದಿನ ನನಗ ತಡಕೊಳ್ಳಾಕ ಆಗಲಿಲ್ಲ. ಕಾಲೇಜಿನಾಗ ಆರು ಪಿರಿಯಡ್ಡು, ಮನ್ಯಾಗ ರೊಟ್ಟಿ, ಮ್ಯಾಲ ಅವರ ಫಂಕ್ಷನ್ನಿನ ಹೆಸರು ನಾಕನೇ ಸಲ ಬದಲಿ. "ಅತ್ತಿ, ನನಗ ಸಾಕಾಗ್ಯದ ನೋಡ್ರಿ. ಹೆಸರು ಏನಿದ್ರೇನ್ರಿ, ಉತ್ತರ ಬಂದ್ರ ಆತಿಲ್ಲೋ?" ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಒಳಗ ಹೋಗಿ ಚಾ ಮಾಡ್ಕೊಂಡು ಬಂದು ನನ್ನ ಮುಂದ ಇಟ್ರು. "ಹನ್ನೊಂದು ಹುಡುಗ್ರವ್ವಾ" ಅಂದ್ರು. ಅಷ್ಟೇ. ಚಾಕ್ಕ ಸಕ್ಕರಿ ಹಾಕೋದು ಮರತಿದ್ರು. ನಾನು ಸುಮ್ಮನ ಕುಡದು ಐದನೇ ಸಲ ಹೆಸರು ಬದಲಿ ಮಾಡಿದೆ.

ವಿಚಾರಣಿ ದಿನ ಬೆಳಿಗ್ಗಿಂದ ಮಳಿ ಜಿಟಿಜಿಟಿ ಹಿಡದಿತ್ತು. ದೇವದುರ್ಗದ ಶಿಕ್ಷಣ ಇಲಾಖಿ ಕಚೇರಿ ಮುಟ್ಟಿದಾಗ ದೊಡ್ಡಿ ಮಂದಿ ಮೊದಲೇ ಬಂದು ನಿಂತಿದ್ರು. ಅವರ ಜೋಡಿ ನಮ್ಮತ್ತಿಯ ಅಕ್ಕ, ನಮ್ಮ ದೊಡ್ಡತ್ತಿನೂ ಬಂದಿದ್ರು. ಅವರನ್ನ ನಾನು ಲಗ್ನ, ಕಾರ್ಯದಾಗ ಒಂದೆರಡು ಸಲ ನೋಡಿದ್ದೆ ಅಷ್ಟೇ. ಬೆನ್ನು ಪೂರಾ ಬಗ್ಗ್ಯದ, ಮಾತು ಕಮ್ಮಿ. ಒಳಗ ಬರ್ರಿ, ಕುರ್ಚಿ ಅದ ಅಂದೆ. "ನಾ ಇಲ್ಲೇ ಕೂಡ್ತೀನವ್ವಾ, ನೀವು ಹೋಗ್ರಿ" ಅಂತ ಬಾಗಲದ ಬಾಜೂಕ ಗ್ವಾಡಿಗೆ ಆನಿಕೊಂಡು ನೆಲದ ಮ್ಯಾಲೇ ಕೂತ್ರು.

ಒಳಗ ಸಾಹೇಬರು ಪಟ್ಟಿ ಓದಾಕತ್ತಿದ್ರು. ಸಣ್ಣ ವಯಸ್ಸು, ಆದ್ರ ನನ್ನಂಗೇ ದಣದ ಮಾರಿ. ಒಂದೊಂದು ಊರಿಗೆ ಎರಡೆರಡು ನಿಮಿಷ, ಮುಗೀತು. ನಮ್ಮ ಪಾಳಿ ಬಂತು.

"ಟೀಚರ್ರ, ಒಂಬೈನೂರು ಮೀಟರ್ ಅದ ಅಲ್ರಿ. ಇದೂ ದೂರ ಅಂತೀರೇನು?"

ನಮ್ಮತ್ತಿ ವಾದ ಮಾಡಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಅವರ ಮುಂದ ಇಟ್ರು. "ನಾನು ಹೇಳಂಗಿಲ್ರಿ. ನೀವೇ ಕೇಳ್ರಿ. ಕಾಲಿನ ದೂರ ಅಂತ ಬರದು ದೊಡ್ಡಿ ಹೆಸರು, ಸಾಲಿ ಹೆಸರು ಹಾಕ್ರಿ, ಸಾಕು."

ಸಾಹೇಬರು ನಗುಮಾರಿಲೆ ಒಂದು ಸಾಲು ಹೊಡದ್ರು. ಪರದಿ ಮ್ಯಾಲ, "ಯಾವಾಗ? ಬ್ಯಾಸಗ್ಯಾಗೋ, ಮಳಿಗಾಲದಾಗೋ?" ಅಂತ ಬಂತು. ಕೂತ ಮಂದಿಯೆಲ್ಲಾ ನಕ್ರು. ಸಾಹೇಬರು ಕಿಟಕಿ ಹೊರಗ ಮಳಿ ನೋಡಿ, 'ಮಳಿಗಾಲ' ಅಂತ ಸೇರಿಸಿದ್ರು. ಉತ್ತರ ಬಂತು. ಮೂರೂವರಿ ಕಿಲೋಮೀಟರ್, ಒಂದೂಮುಕ್ಕಾಲು ತಾಸು.

ಸಾಹೇಬರ ನಗು ನಿಂತಿತು. "ಹಳ್ಳ ಬಂದಾಗ ಮ್ಯಾಲಿನ ಒಡ್ಡಿನ ಮ್ಯಾಲ ಸುತ್ತಿ ಹೋಗಬೇಕು, ಮೂರೂವರಿ ಆಗ್ತದ, ಒಪ್ಪಿದೆ. ಆದ್ರ ಅಷ್ಟಕ್ಕ ಒಂದೂಮುಕ್ಕಾಲು ತಾಸೇನ್ರಿ? ಹುಡುಗ್ರು ತಾಸಿಗೆ ನಾಕು ಕಿಲೋಮೀಟರ್ ನಡೀತಾವ. ನೀವು ಎರಡೇ ಹಿಡದೀರಿ. ಬೇಕಂತಲೇ ಕಮ್ಮಿ ಮಾಡೀರೇನು ಟೀಚರ್ರ?"

ನಾಕು ತಿಂಗಳು ಆ ಕೋಡಿನ ಸಾಲು ಸಾಲು ನೋಡೀನಿ, ಈ ಎರಡು ಎಲ್ಲಿಂದ ಬಂತು ಅಂತ ನಾನು ಕೇಳಿದ್ದೇ ಇಲ್ಲ! ಈ ಒಂದು ಅಂಕಿ ಸುಳ್ಳು ಅಂತ ಆದ್ರ ಉಳದದ್ದನ್ನ ಯಾರು ನಂಬ್ತಾರ? ಸಾಲಿ ಹೋದಂಗೇ. ನಾನು ಅತ್ತಿ ಮಾರಿ ನೋಡಿದೆ. ಅವರು ಬಾಗಲದ ಕಡಿ ಒಮ್ಮೆ ನೋಡಿ ಸಾಹೇಬರ ಕಡಿ ತಿರುಗಿದ್ರು.

"ಸಾಹೇಬ್ರ," ಅಂದ್ರು, "ಅದು ಒಂದು ಹುಡುಗಿ ನಡಿಯೋ ವೇಗ ಅಲ್ರಿ. ಒಂದು ಹುಡುಗಿ ಇನ್ನೊಂದು ಹುಡುಗಿನ್ನ ಹೊತ್ಕೊಂಡು ನಡಿಯೋ ವೇಗ. ನಮ್ಮದು ಎರಿ ಭೂಮಿ. ಮಳಿ ಬಂದ್ರ ಆರು ವರ್ಷದ ಕೂಸು ಕಾಲಿಟ್ಟಲ್ಲೇ ಹೂತು ಹೋಗ್ತದ. ನನ್ನ ಕಾಲದಾಗ ದೊಡ್ಡ್ಯಾಗ ಸಾಲಿ ಇರಲಿಲ್ಲ. ನಮ್ಮಕ್ಕಗ ಆಗ ಹತ್ತು ವರ್ಷ. ನನ್ನ ಬೆನ್ನಿಗೆ ಹಾಕ್ಕೊಂಡು ಇದೇ ದಾರಿಲೆ ಆಚಿ ಊರ ಸಾಲಿಗೆ ಒಯ್ತಿದ್ಲು. ನನ್ನ ಒಳಗ ಬಿಟ್ಟು, ಸಾಲಿ ಬಿಡೋ ತನಕ ಹೊರಗ ಬಾಗಲದಾಗ ಕೂತಿರ್ತಿದ್ಲು. ಮತ್ತ ಹೊತ್ಕೊಂಡು ಮನಿಗೆ. ಅಕಿ ಹೆಸರು ಸಾಲ್ಯಾಗ ಹಚ್ಚಲಿಲ್ರಿ. ಇಬ್ಬರನ್ನೂ ಹಚ್ಚಿದ್ರ ಮನಿ ಕೆಲಸಕ್ಕ ಯಾರು ಅಂದ್ರು ಹಿರೇರು. ಬ್ಯಾಸಗ್ಯಾಗ ಮನ್ಯಾಗ ದುಡಿಯೋದು, ಮಳಿಗಾಲದಾಗ ನನ್ನ ಹೊರೋದು, ಅಕಿ ಬಾಲ್ಯ ಹಂಗೇ ಹೋತು. ತಾಸಿಗೆ ಎರಡು ಕಿಲೋಮೀಟರ್, ಸಾಹೇಬ್ರ. ನಾನು ಅಕಿ ಬೆನ್ನ ಮ್ಯಾಲ ಕೂತು ಅಳದೀನಿ."

ಸಾಹೇಬರು ಪೆನ್ನು ತಗೊಂಡು ಪಟ್ಟಿಯಾಗಿನ ದೊಡ್ಡಿ ಹೆಸರಿನ ಮ್ಯಾಲ ಅಡ್ಡ ಗೆರಿ ಎಳದ್ರು. ಬಾಜೂಕ, ಮಳಿಗಾಲದಾಗ ಸ್ವತಃ ನಡದು ನೋಡೋ ತನಕ ಈ ಸಾಲಿ ಮುಚ್ಚಬಾರದು ಅಂತ ಬರದು ಸಹಿ ಮಾಡಿದ್ರು. ಆಮ್ಯಾಲ ಮೆಲ್ಲಕ, "ಉಳದ ದೊಡ್ಡಿಯವರಿಗೂ ಇದನ್ನ ಕೊಡ್ತೀರೇನ್ರಿ ಟೀಚರ್ರ?" ಅಂತ ಕೇಳಿದ್ರು. "ಅದಕ್ಕೇ ಮಾಡೀನ್ರಿ" ಅಂದ್ರು ನಮ್ಮತ್ತಿ. ನಾನು ಸೆರಗಿಲೆ ಕಣ್ಣು ಒರಸಿಕೊಂಡೆ. ನಾಕು ತಿಂಗಳು ಇವರ ಮ್ಯಾಲ ಎಷ್ಟು ಗೊಣಗೀನಿ ಅಂತ ನೆನಸಿ ನಾಚಿಕಿ ಆತು.

ಹೊರಗ ಬಂದ್ವಿ. ದೊಡ್ಡತ್ತಿ ಬಾಗಲದಾಗ ಹಂಗೇ ಕೂತಿದ್ರು. ಒಳಗ ನಡದದ್ದು ಒಂದೂ ಅವರಿಗೆ ಕೇಳಿಸಿರಲಿಲ್ಲ. ನಮ್ಮನ್ನ ನೋಡಿದ ಕೂಡ್ಲೇ ಗ್ವಾಡಿ ಹಿಡಕೊಂಡು ಎದ್ರು. ಸೀರಿ ಝಾಡಿಸಿಕೊಂಡು, ಒಮ್ಮೆ ಮಳಿ ನೋಡಿ, ತಂಗಿ ಮಾರಿ ನೋಡಿ,

"ಬಿಟ್ರೇನವ್ವಾ?" ಅಂದ್ರು.

"ಬಿಟ್ರಕ್ಕಾ" ಅಂದ್ರು ನಮ್ಮತ್ತಿ. ಹೋಗಿ ಅಕ್ಕನ ಕೈ ಹಿಡಕೊಂಡ್ರು.

ಇಬ್ಬರೂ ಒಂದೇ ಕೊಡಿಯಾಗ ಬಸ್ ಸ್ಟ್ಯಾಂಡಿನ ಕಡಿ ಹೊಂಟ್ರು. ನಾನು ಲ್ಯಾಪ್‌ಟಾಪ್ ಚೀಲ ಎದಿಗೆ ಅವಚಿಕೊಂಡು ಅವರ ಹಿಂದ ನಡದೆ. ಭಾಳ ಮೆಲ್ಲಕ ನಡಿಯಾಕತ್ತಿದ್ರು. ನನಗೂ ಏನೂ ಅವಸರ ಇರಲಿಲ್ಲ.